ಚಿಕ್ಕೋಡಿಗೆ ಹೊರಟವನು ಚಿಂಚಲಿ ಸೇರಿದ ರಾತ್ರಿ

ನಾನು ಇಳಿಯಬೇಕಾಗಿದ್ದದ್ದು ಸಂಕೇಶ್ವರದಲ್ಲಿ. ಇಳಿದದ್ದು ನಿಪ್ಪಾಣಿಯಲ್ಲಿ. ತಪ್ಪು ಬಸ್ಸಿನದಲ್ಲ, ಕಂಡಕ್ಟರನದೂ ಅಲ್ಲ, ನನ್ನ ನಿದ್ದೆಯದು. ಬೆಳಗಾವಿಯಲ್ಲಿ ಕೊಲ್ಲಾಪುರದ ಬಸ್ಸು ಹತ್ತಿ, ‘ಸಂಕೇಶ್ವರ ಬಂದಾಗ ಹೇಳಪ್ಪಾ’ ಎಂದು ಆತನಿಗೆ ಎರಡೆರಡು ಸಲ ಹೇಳಿದ್ದೆ. ಆತ ಹೇಳಿಯೂ ಹೇಳಿದನಂತೆ. ನಾನು ಕಣ್ಣು ಬಿಟ್ಟಾಗ ಬಸ್ಸು ಸ್ತವನಿಧಿ ಘಾಟು ಇಳಿಯುತ್ತಿತ್ತು. ‘ಇನ್ನ ನಿಪ್ಪಾಣ್ಯಾಗ ಇಳೀರಿ, ಅಲ್ಲಿಂದ ಚಿಕ್ಕೋಡಿಗಿ ಗಾಡಿ ಇದ್ರ ಇರತಾವು’ ಎಂದ. ‘ಇದ್ರ’ ಎಂಬ ಮಾತಿನ ತೂಕ ನನಗೆ ತಿಳಿದದ್ದು ಇಳಿದ ಮೇಲೆ. ರಾತ್ರಿ ಒಂಬತ್ತು ದಾಟಿತ್ತು. ಚಿಕ್ಕೋಡಿಯ ಕೊನೆಯ ಗಾಡಿ ಹೋಗಿ ಅರ್ಧ ತಾಸಾಗಿತ್ತು.

ಅದು ೧೯೮೮ರ ಫೆಬ್ರುವರಿ ಮೊದಲ ವಾರ. ತುಮಕೂರು ಸೀಮೆಯಿಂದಾಚೆ ಬದುಕಿಯೇ ಗೊತ್ತಿಲ್ಲದ ನನಗೆ ಬ್ಯಾಂಕಿನಲ್ಲಿ ಬಡ್ತಿ ಬಂದಿತ್ತು. ಬಡ್ತಿಯ ಬಾಲಕ್ಕೆ ಕಟ್ಟಿದಂತೆ ಚಿಕ್ಕೋಡಿಗೆ ವರ್ಗವೂ ಬಂದಿತ್ತು. ಮನೆಯಾಕೆ ಆಗ ಏಳು ತಿಂಗಳ ಬಸುರಿ. ಬಾಡಿಗೆ ಮನೆಯ ಮುಂಗಡಕ್ಕೆಂದು ಆಕೆ ಬಳೆ ಅಡವಿಟ್ಟು ತಂದ ಎರಡು ಸಾವಿರದ ಮುನ್ನೂರು ರೂಪಾಯಿ, ವರ್ಗದ ಆದೇಶದ ಕಾಗದ, ಎರಡು ಜೊತೆ ಬಟ್ಟೆ, ಇಷ್ಟೂ ನನ್ನ ಕೈಯಲ್ಲಿದ್ದ ರೆಕ್ಸಿನ್ ಬ್ಯಾಗಿನಲ್ಲಿದ್ದವು. ದುಡ್ಡನ್ನು ಬ್ಯಾಗಿನ ತಳದಲ್ಲಿ, ಟವೆಲ್ಲಿನ ಮಡಿಕೆಯೊಳಗೆ ಇಟ್ಟಿದ್ದೆವು.

ನಿಪ್ಪಾಣಿ ಎಂಬ ಹೆಸರು ನಮ್ಮ ಕಡೆಯವರ ಕಿವಿಗೆ ಬೀಳುತ್ತಿದ್ದದ್ದು ಎರಡೇ ಕಾರಣಕ್ಕೆ: ಒಂದು ತಂಬಾಕು, ಇನ್ನೊಂದು ಗಡಿ ಗಲಾಟೆ. ಒಂದೂವರೆ ವರ್ಷದ ಹಿಂದಷ್ಟೇ, ೧೯೮೬ರ ಜೂನ್‌ನಲ್ಲಿ, ಶಾಲೆಗಳಲ್ಲಿ ಕನ್ನಡ ಕಡ್ಡಾಯ ಮಾಡಿದ್ದನ್ನು ವಿರೋಧಿಸಿ ಗಡಿ ಚಳವಳಿ ಹೊತ್ತಿಕೊಂಡು, ಬೆಳಗಾವಿ ಭಾಗದಲ್ಲಿ ಗೋಲೀಬಾರಾಗಿ ಜನ ಸತ್ತಿದ್ದರು. ೧೯೬೭ರ ಮಹಾಜನ ವರದಿ ಬೆಳಗಾವಿಯನ್ನು ನಮಗೇ ಉಳಿಸಿದರೂ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತ್ತು; ಬದಲಿಗೆ ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ನಮಗೆ. ಕೊಟ್ಟವರೂ ಇಲ್ಲ, ತೆಗೆದುಕೊಂಡವರೂ ಇಲ್ಲ. ವರದಿ ವರದಿಯಾಗಿಯೇ ಉಳಿಯಿತು. ಇದನ್ನೆಲ್ಲ ಓದಿಕೊಂಡಿದ್ದ ನನ್ನ ಸಹೋದ್ಯೋಗಿಯೊಬ್ಬರು ಬೀಳ್ಕೊಡುವಾಗ ಹಾರ ಹಾಕಿ, ‘ಅಲ್ಲಿ ಬಾಯಿ ತೆಗೆಯುವ ಮುಂಚೆ ಸುತ್ತ ಯಾರಿದ್ದಾರೆ ನೋಡಿಕೊಳ್ರೀ’ ಎಂದು ನಕ್ಕಿದ್ದರು. ಆ ನಗು ನನ್ನ ಜೊತೆಗೇ ಬಸ್ಸು ಹತ್ತಿ ಬಂದಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಎಲ್ಲ ಬೋರ್ಡೂ ದೇವನಾಗರಿ. ಬಿಳಿ ಟೋಪಿ, ಬಿಳಿ ಧೋತರ, ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡ ಗಂಡಸರು ಗುಂಪುಗುಂಪಾಗಿ ಕೂತಿದ್ದರು. ಕಚ್ಚೆ ಸೀರೆಯ ಹೆಂಗಸರು ಗಂಟುಗಳ ಮೇಲೆ ಒರಗಿದ್ದರು. ಒಬ್ಬ ಮುದುಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಕುಠಂ ಜಾಯ್ಚಂ ಹಾಯ್?’ ಎಂದ. ನಾನು ಕಿವುಡನಂತೆ ನಿಂತೆ. ಕನ್ನಡದಲ್ಲಿ ಉತ್ತರಿಸಿದರೆ ಏನಾಗುತ್ತದೋ ಎಂಬ ಭಯ; ಇಂಗ್ಲಿಷಿನಲ್ಲಿ ಉತ್ತರಿಸಿದರೆ ಇನ್ನೂ ಕೆಟ್ಟದಾದೀತೆಂಬ ವಿವೇಕ. ಬ್ಯಾಗನ್ನು ಎದೆಗೆ ಅವುಚಿಕೊಂಡು, ಎಲ್ಲಾದರೂ ಲಾಡ್ಜು ಸಿಕ್ಕೀತೆಂದು ಬೀದಿಗಿಳಿದೆ.

ಹುಣ್ಣಿಮೆಯ ಬೆಳಕಿತ್ತು, ಆದರೆ ಊರಿನ ಗಾಳಿ ನನಗೆ ಹೊಸದು. ತಂಬಾಕಿನ ಸುಗ್ಗಿ ಅದು. ಗಲ್ಲಿಯ ಎರಡೂ ಕಡೆ ವಖಾರಿಗಳು, ಅಂದರೆ ತಂಬಾಕು ತುಂಬಿಡುವ ಗೋದಾಮುಗಳು. ಘಾಟು ಮೂಗಿಗೆ ಅಡರಿ ಮೇಲಿಂದ ಮೇಲೆ ಸೀನು ಬಂತು, ಕಣ್ಣಲ್ಲಿ ನೀರು. ನಾಲ್ಕನೆಯ ಸೀನಿನ ನಡುವೆ ಹಿಂದೆ ಸದ್ದು ಕೇಳಿತು: ಕರ್ರ್, ಕರ್ರ್, ಕರ್ರ್. ನಿಂತೆ, ಅದೂ ನಿಂತಿತು. ನಡೆದೆ, ಅದೂ ನಡೆಯಿತು. ಓಡಲು ಹೊರಟರೆ ಮುಂದಿನ ಗಲ್ಲಿಯಲ್ಲಿ ನಾಯಿಗಳು. ಕಡೆಗೆ ಗೋಡೆಗೆ ಬೆನ್ನು ಕೊಟ್ಟು ತಿರುಗಿ ನಿಂತೆ. ಮೂವತ್ತರ ಆಸುಪಾಸಿನ ಒಬ್ಬ, ಹೆಗಲ ಮೇಲೆ ಗೋಣಿಚೀಲ, ಕಾಲಲ್ಲಿ ಕರ್ರೆನ್ನುವ ಚಪ್ಪಲಿ.

‘ಸಾಹೇಬ್ರ, ಈ ಕಡಿ ಬರೇ ವಖಾರ ಅದಾವ್ರಿ. ಲಾಡ್ಜ ಇಲ್ಲ. ಆಬಾ ನಿಮ್ಮನ್ನ ಕರಕೊಂಡ ಬಾ ಅಂದಾರ.’

ಕನ್ನಡ! ಆದರೂ ಧೈರ್ಯ ಬರಲಿಲ್ಲ. ‘ಯಾರು ಆಬಾ? ನನ್ನನ್ನೇಕೆ?’ ಎಂದೆ. ಆತ ನಕ್ಕ. ‘ಮೈಸೂರ ಕಡಿಯವರೇನ್ರಿ?’ ತುಮಕೂರು ಎಂದರೆ ಈ ಕಡೆಯವರಿಗೆ ಮೈಸೂರೇ. ಅವರ ಲೆಕ್ಕದಲ್ಲಿ ತುಂಗಭದ್ರೆಯಿಂದಾಚೆ ಇರುವುದೆಲ್ಲ ಮೈಸೂರೇ. ನನ್ನ ಮುಂದಿದ್ದದ್ದು ಎರಡು ದಾರಿ: ಒಂದು ಕಡೆ ನಾಯಿಗಳು, ಇನ್ನೊಂದು ಕಡೆ ಈ ಮನುಷ್ಯ. ನಾಯಿಗಳನ್ನು ನೋಡಿ ಮನುಷ್ಯನ ಹಿಂದೆ ಹೋದೆ.

ಆತ ಅಥಣಿಯವನು. ಮನೆತನದ ಕಸುಬು ಚಪ್ಪಲಿ ಹೊಲಿಯುವುದು. ನಿಪ್ಪಾಣಿಯ ಅಂಗಡಿಯೊಂದಕ್ಕೆ ಸರಕು ಕೊಟ್ಟು, ಉಳಿದದ್ದನ್ನು ಜಾತ್ರೆಯಲ್ಲಿ ಮಾರಲು ಹೊರಟಿದ್ದ. ‘ಯಾವ ಜಾತ್ರೆ?’ ಎಂದಾಗ ನನ್ನನ್ನು ವಿಚಿತ್ರವಾಗಿ ನೋಡಿದ. ಭಾರತ ಹುಣ್ಣಿಮೆಯ ದಿನ ಆ ಕಡೆ ಯಾರೂ ಹಾಗೆ ಕೇಳುವುದಿಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಬಸ್‌ಸ್ಟ್ಯಾಂಡಿನಲ್ಲಿ ಕೂತ ಮಂದಿಯೆಲ್ಲ ಅಲ್ಲಿಗೆ ಹೊರಟವರೇ. ಕಾಗವಾಡದ ಲಾರಿಯೊಂದು ಕೊಲ್ಲಾಪುರದ ಪೇಟೆಗೆ ಬೆಲ್ಲ ಇಳಿಸಿ ಖಾಲಿ ಬಂದು, ಜಾತ್ರೆ ಬಾಡಿಗೆಯ ಆಸೆಗೆ ನಿಪ್ಪಾಣಿಯಲ್ಲಿ ನಿಂತಿತ್ತು. ‘ಚಿಕ್ಕೋಡಿ ದಾರ್‍ಯಾಗs ಐತ್ರಿ. ಅಲ್ಲಿ ನಿಮ್ಮನ್ನ ಇಳಿಸತೀವಿ’ ಎಂದಿತು ಗುಂಪು. ನನ್ನನ್ನು ಮೊದಲು ಮಾತಾಡಿಸಿದ್ದ ಮುದುಕನೇ ಆಬಾ. ಈಗ ಆತ ನೆಟ್ಟಗೆ ಕನ್ನಡದಲ್ಲಿ, ‘ಆಗs ಕೇಳಿದ್ನೆಲ್ಲರೀ, ಯಾಕ ಸುಮ್ಮನಾದ್ರಿ?’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಅರ್ಧ ಕಪ್ ಚಹಾ ಕುಡಿಸಿ, ಕಾಸು ಕೊಡಲು ಬಿಡದೆ, ನನ್ನನ್ನು ಲಾರಿಯ ಹಿಂಭಾಗಕ್ಕೆ ಹತ್ತಿಸಿದರು. ಮೂವತ್ತು ಮೂವತ್ತೈದು ಜನ. ಕುರಿ ಒಂದು. ಹಾಸಿದ ಹುಲ್ಲಿನ ಮೇಲೆ ಇನ್ನೂ ಬೆಲ್ಲದ ಅಂಟು. ನಾನು ಮೂಲೆ ಹಿಡಿದು ಬ್ಯಾಗನ್ನು ತೊಡೆಯ ಕೆಳಗಿಟ್ಟುಕೊಂಡೆ.

ಲಾರಿ ಹೊರಟ ಕ್ಷಣವೇ ಇಡೀ ಗುಂಪು ಒಂದೇ ಕೊರಳಲ್ಲಿ ಗರ್ಜಿಸಿತು: ‘ಮಾಯಾಕ್ಕಾಚ್ಯಾ ನಾವಾನಂ ಚಾಂಗಭಲಂ!’ ಹಳದಿ ಪುಡಿ ಎರಚಿದರು. ನನ್ನ ಮುಖ, ಅಂಗಿ, ಬಾಯಿ ಎಲ್ಲ ಅರಿಸಿನ. ನಾನು ಹಾರಿ ಬೀಳದಿದ್ದದ್ದು ಲಾರಿಯ ಹಲಗೆಯ ಪುಣ್ಯ. ‘ಭಂಡಾರರಿ ಅದು, ಒಳ್ಳೇದಾಗಲಿ ಅಂತ’ ಎಂದು ಪಕ್ಕದ ಹೆಂಗಸು ಹೇಳಿದಳು. ಆಬಾನ ಸೊಸೆ ಆಕೆ. ಎಲ್ಲರೂ ವಹಿನಿ ಎನ್ನುತ್ತಿದ್ದರು. ವಖಾರಿಯಲ್ಲಿ ತಂಬಾಕು ಕುಟ್ಟಿ ಜರಡಿ ಹಿಡಿಯುವ ಕೆಲಸ. ಮಾತು ಮಾತಿಗೂ ಕೆಮ್ಮುತ್ತಿದ್ದಳು. ಈ ಹೆಂಗಸರ ಕೂಲಿ ಮತ್ತು ಸಂಘದ ಹೋರಾಟದ ಬಗ್ಗೆ ದೀಪಾ ಧನರಾಜ್ ಮತ್ತು ಯುಗಾಂತರ ತಂಡದವರು ೧೯೮೨ರಲ್ಲೇ ಸಾಕ್ಷ್ಯಚಿತ್ರ ಮಾಡಿದ್ದರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಂದು ನನಗೆ ಅದು ಬರೀ ಕೆಮ್ಮಾಗಿ ಕೇಳಿತ್ತು.

ಖಡಕಲಾಟ ದಾಟುವಾಗ ಆಬಾ ಧೋತರ ಮೇಲೆತ್ತಿ ಮೊಣಕಾಲಿನ ಕೆಳಗಿನ ಗಾಯದ ಕಲೆ ತೋರಿಸಿದ. ನಾನೇನೂ ಕೇಳಿರಲಿಲ್ಲ. ೧೯೮೧ರ ಮಾರ್ಚ್‌ನಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ನಿಪ್ಪಾಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೇ ಬಿಡಾರ ಹೂಡಿದ್ದರು. ವಾರಗಟ್ಟಲೆ ರಸ್ತೆಯ ಮೇಲೆ ಒಲೆ, ಅಲ್ಲೇ ನಿದ್ದೆ. ಏಪ್ರಿಲ್ ೬ರಂದು ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಆಬಾನಿಗೆ ಬಿದ್ದದ್ದು ಲಾಠಿ. ‘ಸತ್ತವರಾಗ ಕನ್ನಡದವರು ಎಷ್ಟು, ಮರಾಠಿಯವರು ಎಷ್ಟು?’ ಎಂದು ನಾನು ಕೇಳಿದೆ. ಇಂಥ ಪ್ರಶ್ನೆ ಕೇಳಲು ಬೆಂಗಳೂರಿನ ಪತ್ರಿಕೆಗಳನ್ನು ತಪ್ಪದೆ ಓದಿರಬೇಕಾಗುತ್ತದೆ. ಆಬಾ ನನ್ನನ್ನೇ ನೋಡಿದ. ‘ತಂಬಾಕದವರ್ರೀ ಅವರು’ ಎಂದು ಧೋತರ ಇಳಿಸಿಕೊಂಡ.

ಚಿಕ್ಕೋಡಿ ಬಂದಾಗ ಹನ್ನೊಂದು ಹೊಡೆದಿತ್ತು. ನನ್ನನ್ನು ಇಳಿಸಿಕೊಳ್ಳಲು ಬ್ಯಾಂಕಿನ ಜವಾನನೊಬ್ಬನ ವಿಳಾಸ ಬರೆದು ಕೊಟ್ಟಿದ್ದರು. ಲಾರಿಯವರು ಬೀದಿಯ ತುದಿಯವರೆಗೂ ಬಂದು ಹಾರನ್ ಹೊಡೆದು ಅರ್ಧ ಊರು ಎಬ್ಬಿಸಿದರು. ಮನೆಗೆ ಬೀಗ. ಎದುರುಮನೆಯ ಕಿಟಕಿಯಿಂದ ಉತ್ತರ ಬಂತು: ‘ಚಿಂಚಲಿಗಿ ಹೋಗ್ಯಾರ್ರಿ.’ ಹತ್ತಿರದ ಲಾಡ್ಜಿನ ಬಾಗಿಲು ಬಡಿದದ್ದಾಯಿತು. ಒಳಗೆ ಗೊರಕೆ ಕೇಳಿತೇ ಹೊರತು ಚಿಲಕ ತೆಗೆಯಲಿಲ್ಲ. ನಾನು, ‘ಪರವಾಗಿಲ್ಲ, ನೀವು ಹೊರಡಿ, ಬ್ಯಾಂಕಿನ ಜಗುಲಿಯ ಮೇಲೆ ಬೆಳಗು ಮಾಡುತ್ತೇನೆ’ ಎಂದೆ. ಒಳಗೊಳಗೆ ಈ ಜನರಿಂದ ಬಿಡುಗಡೆಯಾದರೆ ಸಾಕೆನಿಸಿತ್ತು. ಜಗುಲಿಯ ಮೇಲಿನ ನಾಯಿ ಕಡಿದರೂ ಅದಕ್ಕೊಂದು ಇಂಜೆಕ್ಷನ್ನಿದೆ.

ಆಗ ಅವರವರಲ್ಲೇ ಮಾತು ಶುರುವಾಯಿತು, ಮರಾಠಿಯಲ್ಲಿ. ಅಥಣಿಯವ ಏನೋ ಹೇಳಿದ, ಡ್ರೈವರ್ ತಲೆಯಾಡಿಸಿದ, ವಹಿನಿ ನನ್ನ ಬ್ಯಾಗಿನ ಕಡೆ ಕೈ ತೋರಿಸಿದಳು. ಕಡೆಗೆ ಆಬಾ ಗಟ್ಟಿಯಾಗಿ ಅಂದ: ‘ಹ್ಯಾಸ್ನಿ ಸೋಡೂ ನಕಾ!’

ನನಗೆ ಮರಾಠಿ ಬಾರದು. ಆದರೆ ಬೊಂಬಾಯಿ ಸಿನಿಮಾ ನೋಡಿದವನಿಗೆ ‘ಸೋಡ್’ ಎಂದರೆ ‘ಛೋಡ್’ ಎಂದು ಊಹಿಸಲು ಕಷ್ಟವಿಲ್ಲ. ‘ನಕೋ’ ಅಂತೂ ಗೊತ್ತೇ ಇತ್ತು. ಇವನನ್ನು ಬಿಡಬೇಡಿ! ಮೈಯ ರಕ್ತ ತಣ್ಣಗಾಯಿತು. ಮರುಕ್ಷಣ ಇಬ್ಬರು ಗಂಡಸರು ನನ್ನ ಎರಡೂ ರಟ್ಟೆ ಹಿಡಿದು ಎತ್ತಿ ಲಾರಿಯೊಳಗೆ ಕೂರಿಸಿದರು. ಬ್ಯಾಗು ಕೈಯಿಂದ ಕೈಗೆ ದಾಟುತ್ತ ನನಗಿಂತ ಮುಂಚೆ ಒಳಗೆ ಹೋಗಿತ್ತು.

ಹುಣ್ಣಿಮೆ ದಾರಿ

ಅಲ್ಲಿಂದ ಮುಂದಿನ ದಾರಿಯನ್ನು ಈಗ ನೆನೆದರೆ ಚೆಂದ ಕಾಣುತ್ತದೆ. ಆಗ ಅದು ಮುಗಿಯದ ಶಿಕ್ಷೆ. ಎರಡೂ ಕಡೆ ಆಳೆತ್ತರದ ಕಬ್ಬು. ಲಾರಿ ಎಲ್ಲಿ ನಿಂತರೂ ನನಗೆ ಇಲ್ಲೇ ಎನಿಸುವುದು. ರಾಯಬಾಗ ಸಮೀಪಿಸಿದಂತೆ ಚಕ್ಕಡಿಗಳ ಸಾಲು ಶುರುವಾಯಿತು. ಒಂದರ ಹಿಂದೆ ಒಂದು, ಲಾಟೀನು ಕಟ್ಟಿಕೊಂಡು, ಎತ್ತಿನ ಕೊರಳ ಗೆಜ್ಜೆ ಘಲಘಲ. ಕೊಲ್ಲಾಪುರ, ಸಾಂಗಲಿ ಕಡೆಯಿಂದ ದಿನಗಟ್ಟಲೆ ನಡೆದು ಬಂದವು ಅವು. ಲಾರಿಗೆ ದಾರಿಯೇ ಇಲ್ಲ. ಡ್ರೈವರ್ ಹಾರನ್ ಹೊಡೆಯಲಿಲ್ಲ. ಎತ್ತುಗಳು ಬೆದರುತ್ತವೆಂದು ಚಕ್ಕಡಿಯ ವೇಗದಲ್ಲೇ ಲಾರಿ ನಡೆಸಿದ. ಆ ಒಂದು ವಿಷಯ ನನ್ನ ಗಮನಕ್ಕೆ ಬಂದು, ಎತ್ತಿನ ಬಗ್ಗೆ ಇಷ್ಟು ಯೋಚಿಸುವವರು ಮನುಷ್ಯನನ್ನು ಕೊಂದಾರೆಯೇ ಎಂದು ಸ್ವಲ್ಪ ಸಮಾಧಾನ ತಂದಿತು. ಲಾರಿ ಮುಂದಿನ ತಿರುವಿಗೆ ಹೊರಳುವಷ್ಟರಲ್ಲಿ ಸಮಾಧಾನ ಹೋಯಿತು.

ಚಿಂಚಲಿಯಲ್ಲಿ ನಾವು ಇಳಿದದ್ದು ನಡುರಾತ್ರಿಯ ಮೇಲೆ. ಊರೆಂದರೆ ಚಿಕ್ಕದು, ಅದರ ಸುತ್ತ ಅದಕ್ಕಿಂತ ದೊಡ್ಡ ಇನ್ನೊಂದು ಊರು ಚಕ್ಕಡಿಗಳಲ್ಲೇ ಎದ್ದು ನಿಂತಿತ್ತು. ನೊಗ ಇಳಿಸಿದ ಬಂಡಿಗಳು, ಅವುಗಳ ನಡುವೆ ಮೂರು ಕಲ್ಲಿನ ಒಲೆ, ಹೊಗೆ, ಎಲ್ಲದರ ಮೇಲೂ ಹಳದಿ. ಮಾಯಕ್ಕ ಕುರುಬರ ದೇವತೆ, ಧನಗರರ ದೇವತೆ. ಅವರು ಬೀರೋಬಾ ಎನ್ನುವ, ನಾವು ಬೀರಪ್ಪ ಎನ್ನುವ ದೈವದ ಸೋದರಿ. ಕುರಿ ಕಾಯುವ ಈ ಜನರ ದೈವಗಳ ಜಾಡು ಹಿಡಿದು ಜರ್ಮನಿಯ ವಿದ್ವಾಂಸ ಸೋಂಥೈಮರ್ ಇಡೀ ಆಯುಷ್ಯ ಪಶ್ಚಿಮ ಮಹಾರಾಷ್ಟ್ರ ಸುತ್ತಿದರು. ಕುರಿ ಮಂದೆ ಮಳೆಯ ಲೆಕ್ಕದ ಮೇಲೆ ಘಟ್ಟದ ಸೆರಗಿನಿಂದ ಬಯಲಿಗೂ ಬಯಲಿಂದ ಘಟ್ಟಕ್ಕೂ ನಡೆಯುತ್ತದೆ. ದೇವರು ಕುರಿಯ ಹಿಂದೆ, ಮಾತು ದೇವರ ಹಿಂದೆ. ಕನ್ನಡ ನೆಲದ ದೇವಿಗೆ ಮರಾಠಿಯಲ್ಲಿ ಜಯಕಾರ ಹಾಕುವುದು ಅಲ್ಲಿ ಯಾರಿಗೂ ವಿಶೇಷವಾಗಿ ಕಾಣಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ಆಬಾನ ಮನೆಯ ಚಕ್ಕಡಿ ಎರಡು ದಿನ ಮೊದಲೇ ಬಂದಿತ್ತು. ಆತನ ಹೆಂಡತಿ, ಆಯಿ, ಒಲೆಯ ಮುಂದೆ ಕೂತಿದ್ದಳು. ಆಕೆಗೆ ಕನ್ನಡ ಅರ್ಥವಾಗುತ್ತಿತ್ತು, ಮಾತಾಡುತ್ತಿದ್ದದ್ದು ಮರಾಠಿ. ನನಗೆ ಅರ್ಥವಾಗುತ್ತಿದ್ದದ್ದು ಆಕೆಯ ಕೈ. ಜೋಳದ ರೊಟ್ಟಿ, ಜುಣಕ, ಕುಟ್ಟಿದ ಹಸಿಮೆಣಸಿನಕಾಯಿ, ಆಮೇಲೆ ದೇವಿಯ ನೈವೇದ್ಯದ ಹೋಳಿಗೆ, ಅದರ ಮೇಲೆ ಹಾಲು. ಎರಡನೆಯ ರೊಟ್ಟಿ ಬೇಡವೆಂದೆ. ಹಾಕಿದಳು. ಮೂರನೆಯದು ಬೇಡವೆಂದೆ. ಅದನ್ನೂ ಹಾಕಿದಳು. ಮೆಣಸಿನಕಾಯಿಗೆ ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು.

ಊಟವಾದ ಮೇಲೆ ಅಥಣಿಯವ ಡೊಳ್ಳಿನ ಹಾಡಿಕೆಗೆ ಕರೆದುಕೊಂಡು ಹೋದ. ಎರಡು ಮೇಳ ಎದುರುಬದುರು: ಹರದೇಶಿಯವರದು ಗಂಡು ಹೆಚ್ಚೆಂಬ ವಾದ, ನಾಗೇಶಿಯವರದು ಹೆಣ್ಣು ಹೆಚ್ಚೆಂಬ ವಾದ. ಒಬ್ಬ ಪುರಾಣದಿಂದ ಒಂದು ಪ್ರಶ್ನೆ ಎಸೆಯುತ್ತಾನೆ, ಇನ್ನೊಬ್ಬ ಅದಕ್ಕೆ ಪದ ಕಟ್ಟಿ ಉತ್ತರ ಕೊಟ್ಟು ಮರುಪ್ರಶ್ನೆ ಎಸೆಯುತ್ತಾನೆ, ಬೆಳಗಿನವರೆಗೂ ಇದೇ. ಗಡಿಯಾಚೆ ಇದಕ್ಕೇ ಹತ್ತಿರವಾದ ವಾದದ ಹಾಡುಗಳು ಕಲ್ಗಿ–ತುರಾ ಎಂಬ ಹೆಸರಿನಲ್ಲಿವೆ. ಐವತ್ತು ಹೆಜ್ಜೆ ದೂರದಲ್ಲಿ ಧನಗರರು ಓವಿ ಹಾಡುತ್ತಿದ್ದರು, ಅದು ಮರಾಠಿ. ಎರಡೂ ಕಡೆ ಡೊಳ್ಳು. ಕೇಳುವವರು ಇಲ್ಲಿ ಸ್ವಲ್ಪ ಹೊತ್ತು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ನಾಗೇಶಿಯ ಹುಡುಗನ ಪ್ರಶ್ನೆಗೆ ಉತ್ತರ ಹೊಳೆಯದೆ ಹರದೇಶಿಯ ಮುದುಕ ಡೊಳ್ಳು ಬಾರಿಸುತ್ತಲೇ ಕಾಲ ತಳ್ಳುತ್ತಿದ್ದಾಗ ನಾನೂ ಎಲ್ಲರ ಜೊತೆ ಗಟ್ಟಿಯಾಗಿ ನಕ್ಕೆ. ಬಸ್ಸಿಳಿದ ಮೇಲೆ ಅದೇ ಮೊದಲ ನಗು. ಬ್ಯಾಗು ಮಾತ್ರ ಕಂಕುಳಲ್ಲೇ ಇತ್ತು.

ನಿದ್ದೆ ತಡೆಯಲಾಗದೆ ಮೂರು ಗಂಟೆಯ ಸುಮಾರಿಗೆ ಚಕ್ಕಡಿಯ ಪಕ್ಕದಲ್ಲಿ ಒರಗಿದೆ. ಬ್ಯಾಗು ತಲೆಯ ಕೆಳಗೆ. ಯಾರೋ ಕಂಬಳಿ ಹೊದಿಸಿದ್ದು ಅರೆನಿದ್ದೆಯಲ್ಲಿ ತಿಳಿಯಿತು.

‘ಕಳ್ಳ, ಕಳ್ಳ!’

ಎಚ್ಚರವಾದಾಗ ಇನ್ನೂ ನಸುಕು. ಯಾರೋ ನನ್ನ ಪಾದವನ್ನು ಗಟ್ಟಿಯಾಗಿ ಹಿಡಿದು ಎಳೆಯುತ್ತಿದ್ದರು. ತಲೆಯ ಕೆಳಗೆ ಕೈ ಹಾಕಿದರೆ ಬ್ಯಾಗಿಲ್ಲ. ಒಂದು ಹುಲ್ಲಿನ ಸಿವುಡಿದೆ. ರಾತ್ರಿಯಿಡೀ ಹಿಡಿದಿಟ್ಟಿದ್ದದ್ದೆಲ್ಲ ಒಮ್ಮೆಗೇ ಹೊರಬಂತು. ಕಾಲು ಝಾಡಿಸಿ ಒದ್ದೆ. ‘ಕಳ್ಳ, ಕಳ್ಳ! ನನ್ನ ಬ್ಯಾಗು! ನಿಮ್ಮನ್ನು ನಂಬಿ ಬಂದದ್ದಕ್ಕೆ...’ ಎಂದು ಕೂಗಿದೆ. ಇನ್ನೂ ಏನೇನೋ ಅಂದೆ. ನಿಮ್ಮ ಜನ ಎಂದೆ. ನಿಮ್ಮ ಊರು ಎಂದೆ. ಅದೆಲ್ಲವನ್ನೂ ಇಲ್ಲಿ ಬರೆಯಲಾರೆ. ಅಕ್ಕಪಕ್ಕದ ಚಕ್ಕಡಿಗಳವರು ಎದ್ದು ಬಂದರು.

ನಾನು ಒದ್ದದ್ದು ಅಥಣಿಯವನ ಭುಜಕ್ಕೆ. ಆತನ ಕೈಯಲ್ಲಿ ಒಂದು ಹುರಿ, ನೆಲದ ಮೇಲೆ ಹರಿದ ಪತ್ರಿಕೆಯ ಹಾಳೆ, ಅದರ ಮೇಲೆ ಇದ್ದಿಲಿನಿಂದ ಗೀಚಿದ ನನ್ನ ಪಾದದ ಅರ್ಧ ಚಿತ್ರ. ಆಯಿ ಏ‍ನೂ ಹೇಳದೆ ಚಕ್ಕಡಿಯ ಒಳಗಿನಿಂದ ಬ್ಯಾಗು ತಂದು ನನ್ನ ಮುಂದಿಟ್ಟಳು. ಇಬ್ಬನಿ ಬಿದ್ದು ತೊಯ್ಯುತ್ತದೆಂದು, ಜಾತ್ರೆಯಲ್ಲಿ ಗುರುತಿಲ್ಲದ ಮಂದಿ ಓಡಾಡುತ್ತಾರೆಂದು, ನಾನು ಮಲಗಿದ ಮೇಲೆ ಆಕೆ ಅದನ್ನು ತೆಗೆದು ಮಕ್ಕಳ ತಲೆದೆಸೆಗೆ ಇಟ್ಟು, ಕತ್ತು ನೋಯದಿರಲೆಂದು ನನಗೆ ಹುಲ್ಲಿನ ಸಿವುಡು ಕೊಟ್ಟಿದ್ದಳು.

ನಾನು ಬ್ಯಾಗು ತೆರೆಯಬಾರದಿತ್ತು. ತೆರೆದೆ. ಎಲ್ಲರ ಮುಂದೆ ಟವೆಲ್ಲಿನ ಮಡಿಕೆಗೆ ಕೈ ಹಾಕಿ ನೋಡಿದೆ. ದುಡ್ಡಿತ್ತು.

ಕಥೆಗಳಲ್ಲಾಗಿದ್ದರೆ ಇಲ್ಲಿ ಎಲ್ಲರೂ ನಕ್ಕು ಚಹಾ ಕುಡಿಯುತ್ತಾರೆ. ಹಾಗಾಗಲಿಲ್ಲ. ಅಥಣಿಯವ ಭುಜ ಒರೆಸಿಕೊಂಡು ಹುರಿ ಸುತ್ತಿದ. ವಹಿನಿ ಮುಖ ತಿರುಗಿಸಿ ಒಲೆ ಊದಿದಳು. ಆಬಾ ಮಾತ್ರ ಹತ್ತಿರ ಬಂದು ಕೂತು, ಕನ್ನಡದಲ್ಲಿ, ಒಂದೊಂದೇ ಮಾತು ಬಿಡಿಸಿ ಕೇಳಿದ: ‘ಕಳ್ಳರ ಜೋಡಿ ಕುಂತು ಹೋಳಿಗಿ ಉಂಡ್ರೆಲ್ಲರೀ ಸಾಹೇಬ್ರ?’ ನಾನು ಕ್ಷಮೆ ಕೇಳಿದೆ. ತುಮಕೂರಿನ ಕನ್ನಡದಲ್ಲಿ ಅದು ಪತ್ರ ಓದಿದಂತೆ ಕೇಳಿಸಿತು. ಆತ ‘ಇರ್ಲಿ’ ಎಂದು ಎದ್ದು ಎತ್ತಿಗೆ ನೀರು ಕುಡಿಸಲು ಹೋದ. ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ಬೆಳಗಾದ ಮೇಲೆ ದೇವಿಯ ಗುಡಿಗೆ ಅವರ ಹಿಂದೆ ಹೋಗಿ ಬಂದೆ. ಚಿಕ್ಕೋಡಿಗೆ ಮರಳುತ್ತಿದ್ದ ಜೀಪೊಂದರಲ್ಲಿ ಜಾಗ ಹಿಡಿದುಕೊಟ್ಟವನು ಅದೇ ಅಥಣಿಯವ. ಜೀಪು ಹೊರಡುವಾಗ ಆಯಿ ಓಡುತ್ತ ಬಂದು ಒಂದು ಗಂಟು ಮಡಿಲಿಗೆ ಹಾಕಿದಳು. ಹನ್ನೆರಡು ಹೋಳಿಗೆ. ಮನೆಯಾಕೆ ಬಸುರಿಯೆಂದು ರಾತ್ರಿ ಊಟದ ನಡುವೆ ನಾನೇ ಹೇಳಿದ್ದೆ.

ಚಿಕ್ಕೋಡಿಯಲ್ಲಿ ನಾನು ನಾಲ್ಕು ವರ್ಷ ಇದ್ದೆ. ಮಗಳು ಅಲ್ಲಿನ ಬೀದಿಯಲ್ಲೇ ಮಾತು ಕಲಿತಳು. ಅಮ್ಮ ಎನ್ನುವ ಮುಂಚೆ ‘ಆಯಿ’ ಎಂದಳು. ಸೇರಿದ ಎರಡು ತಿಂಗಳಿಗೆ, ಯುಗಾದಿಯ ಆಸುಪಾಸಿನಲ್ಲಿ, ಧೈರ್ಯ ಮಾಡಿ ನಿಪ್ಪಾಣಿಗೆ ಹೋಗಿ ಆಬಾನ ಮನೆ ಹುಡುಕಿದೆ. ತುಮಕೂರಿನಿಂದ ತರಿಸಿದ ಎರಡು ತೆಂಗಿನಕಾಯಿ ಚೀಲ ನೋಡಿ ಆತ, ‘ಇದನ್ನೆಲ್ಲ ಯಾಕ ತಂದ್ರಿ?’ ಎಂದ, ಆದರೆ ಕೂರಲು ಕಂಬಳಿ ಹಾಸಿದ. ಆ ದಿನ ಧೈರ್ಯ ಮಾಡಿ ಕೇಳಿದೆ: ಚಿಕ್ಕೋಡಿಯಲ್ಲಿ ನನ್ನ ಮುಂದೆಯೇ ಮರಾಠಿಯಲ್ಲಿ ಏಕೆ ಮಾತಾಡಿಕೊಂಡಿರಿ?

ಆಬಾನಿಗೆ ನೆನಪಾಗಲು ಹೊತ್ತು ಹಿಡಿಯಿತು. ‘ಮನಿ ಕೀಲಿ ಹಾಕಿತ್ತು. ನಿಮ್ಮನ್ನ ಕರಕೊಂಡು ಹೋಗೂದೋ ಬಿಡೂದೋ ಅಂತ ಮಾತು ಬಂತು. ಮನ್ಯಾಗ ರೊಟ್ಟಿ ಎಷ್ಟು ಅದಾವು, ಸಾಹೇಬ್ರು ಬಂಡಿ ಬುಡಕ ಮಲಗತಾರೋ ಇಲ್ಲೋ, ಇದನ್ನೆಲ್ಲ ನಿಮಗ ತಿಳಿಯೂಹಂಗ ಆಡಾಕ ಆಗತೈತೇನ್ರಿ? ಮುಂದ ನಿಂತ ಪಾವಣ್ಯಾನ ಲೆಕ್ಕಾ ಅವನ ಮಾತಿನಾಗ ಮಾಡಬಾರದು.’ ಪಾವಣ್ಯಾ ಎಂದರೆ ಅತಿಥಿ, ಮರಾಠಿಯ ಪಾಹುಣಾ. ‘ಹ್ಯಾಸ್ನಿ ಸೋಡೂ ನಕಾ’ ಎಂದದ್ದು, ಈ ರಾತ್ರಿಯಲ್ಲಿ ಇವರನ್ನು ಒಬ್ಬರನ್ನೇ ಬಿಟ್ಟು ಹೋಗಬೇಡಿ ಎಂದು. ಯೋಚಿಸಿ ನೋಡಿದರೆ, ಅದನ್ನು ಆತ ಕನ್ನಡದಲ್ಲೇ ‘ಇಂವರನ್ನ ಬಿಡಬ್ಯಾಡ್ರಿ’ ಎಂದಿದ್ದರೂ ಅಂದು ನಾನು ಅಷ್ಟೇ ಹೆದರುತ್ತಿದ್ದೆ.

೨೦೦೪ರಲ್ಲಿ ಮಹಾರಾಷ್ಟ್ರ ಗಡಿಯ ತಕರಾರನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ೨೦೨೨ರ ಡಿಸೆಂಬರಿನಲ್ಲಿ ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಟೋಲ್ ಬಳಿ ಪೊಲೀಸರ ಸಾಲು ನಿಂತದ್ದನ್ನೂ, ೨೦೨೫ರ ಫೆಬ್ರುವರಿಯಲ್ಲಿ ಎರಡೂ ರಾಜ್ಯಗಳ ಬಸ್ಸುಗಳು ಕೆಲವು ದಿನ ಗಡಿ ದಾಟದೆ ನಿಂತದ್ದನ್ನೂ ಟೀವಿಯಲ್ಲಿ ನೋಡಿದೆ. ಆಗ ಚಿಕ್ಕೋಡಿ, ಅಥಣಿ ತಾಲ್ಲೂಕುಗಳಲ್ಲಿದ್ದ ನಿಪ್ಪಾಣಿ, ಕಾಗವಾಡಗಳು ಈಗ ತಾವೇ ತಾಲ್ಲೂಕುಗಳಾಗಿವೆ. ಬಸ್ಸು ನಿಂತಾಗಲೆಲ್ಲ ನನಗೆ ಬರುವ ಯೋಚನೆ ಒಂದೇ: ಕೊನೆಯ ಗಾಡಿ ತಪ್ಪಿಸಿಕೊಂಡವರು ಇವತ್ತು ಯಾವ ಲಾರಿಯಲ್ಲಿದ್ದಾರೋ.

ಚಪ್ಪಲಿಯ ವಿಷಯ ಬಿಟ್ಟೆ. ಜಾತ್ರೆಯಾಗಿ ಆರು ವಾರಕ್ಕೆ ಬ್ಯಾಂಕಿಗೆ ಅಥಣಿ ಬಸ್ಸಿನ ಕಂಡಕ್ಟರ್ ಒಬ್ಬ ಪೊಟ್ಟಣ ತಂದುಕೊಟ್ಟ. ಮರಾಠಿ ಪತ್ರಿಕೆಯಲ್ಲಿ ಸುತ್ತಿದ, ಅಥಣಿಯಲ್ಲಿ ಹೊಲಿದ, ಕೊಲ್ಲಾಪುರಿ ಎಂಬ ಹೆಸರಿನ ಚಪ್ಪಲಿ. ಹೆಸರು ಕೊಲ್ಲಾಪುರದ್ದಾದರೂ ಕೈ ಅಥಣಿಯದೂ ಹೌದೆಂದು ಸರ್ಕಾರ ಒಪ್ಪಿಕೊಂಡದ್ದು ೨೦೧೯ರ ಹೊತ್ತಿಗೆ. ಭೌಗೋಳಿಕ ಗುರುತನ್ನು ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಒಟ್ಟಿಗೆ ಕೊಟ್ಟರು. ೨೦೨೫ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಮೇಳದಲ್ಲಿ ಅಂಥದೇ ಚಪ್ಪಲಿ ತೊಡಿಸಿ ನಡೆಸಿ ಬೈಸಿಕೊಂಡದ್ದನ್ನು ನೀವೂ ಓದಿರಬಹುದು. ನನ್ನ ಜೋಡಿಗೆ ಎಡಗಾಲು ಸರಿಯಾಗಿತ್ತು. ಬಲಗಾಲು ಅರ್ಧ ಬೆರಳು ಗಿಡ್ಡ. ಅಳತೆ ಮುಗಿಯುವ ಮುಂಚೆ ನಾನು ಒದ್ದ ಕಾಲು ಅದು. ದುಡ್ಡು ಎಷ್ಟೆಂದು ಕೇಳಿ ಬರೆದ ಕಾರ್ಡಿಗೆ ಉತ್ತರ ಬರಲಿಲ್ಲ.

ನಡೆದರೆ ಸದ್ದು ಬರಲೆಂದೇ ಅವನ್ನು ಹಾಗೆ ಹೊಲಿಯುತ್ತಾರೆ. ಮೊದಲ ದಿನ ಬ್ಯಾಂಕಿನಲ್ಲಿ ನಾನು ಕೌಂಟರಿನಿಂದ ಲೆಡ್ಜರಿಗೆ, ಲೆಡ್ಜರಿನಿಂದ ಕೌಂಟರಿಗೆ ಕರ್ರ್ ಕರ್ರ್ ಎಂದು ಓಡಾಡಿದೆ. ಎರಡು ದಿನ ಸುಮ್ಮನಿದ್ದ ಮ್ಯಾನೇಜರು ಮೂರನೆಯ ದಿನ ಕರೆದು, ‘ಬ್ಯಾಂಕಿಗಿ ಬೂಟ ಹಾಕ್ಕೊಂಡು ಬರ್ರಿ, ಮಂದಿ ಅಂಜತಾರ’ ಎಂದರು.